ಹೊರಗಿದ್ದ ಮೆಟ್ಟಿಲು

ಮೊದಲು ವಂದನೆ. ಅಕ್ಷರ ತಿದ್ದಿಸಿದ ಗುರುವಿಗೆ. ಪ್ರತಿ ಬೆಳಗೂ ಅಂಗೈಯ ಮೇಲೆ ಕುಳಿತು ನನ್ನನ್ನು ನೋಡುತ್ತಿದ್ದೂ ಈವರೆಗೆ ಕೈಬಿಡದ ಇಷ್ಟಲಿಂಗಕ್ಕೆ. ನಾನು ಹುಟ್ಟಿ ಬೆಳೆದ ಕಲ್ಯಾಣದ ಕೋಟೆಯ ಕಪ್ಪು ಕಲ್ಲಿಗೆ. ಕಂಡರಿಯದ ದೂರದ ನಾಡಿನಲ್ಲಿ ನನ್ನ ಕಾಲಿಗೆ ನೆಲವಾದ ಮಣ್ಣಿಗೆ. ಕಟ್ಟಕಡೆಗೆ — ಹುಮನಾಬಾದಿನ ಗೌಂಡಿ ಮಹಬೂಬಸಾಬರ ನಾಲಗೆಗೆ. ಈ ಕೊನೆಯ ವಂದನೆ ಎಂಟು ವರ್ಷ ತಡವಾಗಿ ಸಲ್ಲುತ್ತಿದೆ.

ನಾನು ಕದ್ದಿದ್ದೇನೆ. ಕದ್ದದ್ದು ಒಂದು ಗೋಡೆಯ ಅರ್ಥವನ್ನು. ಮಂಗೋಲಿಯಾದ ಹುಲ್ಲುಬಯಲಿನ ಕೋಟೆಯೂರುಗಳನ್ನು ಕುರಿತ ನನ್ನ ಪುಸ್ತಕವನ್ನು ಓದಿ ಮೆಚ್ಚಿದವರು ಎಲ್ಲರೂ ಮೆಚ್ಚಿದ್ದು ಅದರ ಐದನೆಯ ಅಧ್ಯಾಯವನ್ನು. ಆ ಅಧ್ಯಾಯದ ಕಾಣ್ಕೆ ನನ್ನದಲ್ಲ, ಮಹಬೂಬಸಾಬರದು. ಕದಿಯುವ ಮೊದಲು ಇನ್ನೊಂದನ್ನೂ ಮಾಡಿದೆ — ಅವರು ಆಡಿದ ಮಾತನ್ನು, ಅವರ ಎದುರಿನಲ್ಲಿಯೇ, ಬೇಕೆಂದೇ ತಪ್ಪಾಗಿ ಅನುವಾದಿಸಿದೆ. ಕಿವಿ ಕೇಳದೆ ಅಲ್ಲ, ಇಂಗ್ಲಿಷ್ ಸಾಲದೆ ಅಲ್ಲ. ಬೇಕೆಂದೇ.

ಇದನ್ನು ಬರೆಯಬೇಡಿ ಎಂದು ಹಿತೈಷಿಗಳು ಮನೆಗೆ ಬಂದು ಹೇಳಿ ಹೋಗಿದ್ದಾರೆ. ಅವರ ಹಿತವನ್ನು ತಲೆಬಾಗಿ ಸ್ವೀಕರಿಸಿ, ಅವರ ಮಾತನ್ನು ಮೀರಿ ಬರೆಯುತ್ತಿದ್ದೇನೆ.

ಹುಟ್ಟಿನಿಂದ ಜಂಗಮನಾದ ನನ್ನನ್ನು ಊರವರು ಸ್ವಾಮಿ ಎನ್ನುತ್ತಾರೆ; ನನ್ನ ಕಸುಬು ಹಳೆಯ ಅಕ್ಷರಗಳನ್ನು ಓದುವುದು. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದೆ. ಉಳಿದ ಹೊತ್ತೆಲ್ಲ ಶಾಸನಗಳ ಮೇಲೆ ಒದ್ದೆ ಕಾಗದ ಹಾಸಿ, ಮಸಿ ತಟ್ಟಿ, ಪಡಿಯಚ್ಚು ತೆಗೆದೆ. ಗುರುಗಳು ಈ ವಿದ್ಯೆಯಲ್ಲಿ ಒಂದೇ ಕಟ್ಟಳೆ ಹಾಕಿಕೊಟ್ಟಿದ್ದರು: ಕಲ್ಲು ಹೇಳಿದ್ದನ್ನು ಮೊದಲು ಇದ್ದಂತೆಯೇ ಬರೆದುಕೊ, ತಪ್ಪಿದ್ದರೂ ತಿದ್ದಬೇಡ, ನಿನ್ನ ಅಭಿಪ್ರಾಯವನ್ನು ಪಕ್ಕದಲ್ಲಿ, ಬೇರೆ ಮಸಿಯಲ್ಲಿ ಬರೆ. ಐವತ್ತು ವರ್ಷ ಈ ಕಟ್ಟಳೆಯನ್ನು ಮುರಿದಿಲ್ಲ. ಕಲ್ಲಿನ ವಿಷಯದಲ್ಲಿ ಮುರಿದಿಲ್ಲ.

ಸರಂತುಯಾ ಎಂಬ ಮಂಗೋಲಿಯಾದ ಪುರಾತತ್ವಜ್ಞೆ ನಮ್ಮ ಭಾಗದ ಮಣ್ಣಿನ ಕಟ್ಟಡಗಳನ್ನು ನೋಡಲು ಬಂದಾಗ ದಾರಿ ತೋರಿಸಲು ಜೊತೆಯಾದವನು ನಾನು. ಮಂಗೋಲರೆಂದರೆ ಕುದುರೆ, ಗುಡಾರ, ಸುಟ್ಟ ಊರುಗಳು ಎಂದಷ್ಟೇ ತಿಳಿದಿದ್ದ ನನಗೆ ಆಕೆ ಬೇರೆಯ ಚಿತ್ರಗಳನ್ನು ತೋರಿಸಿದಳು. ಆ ಬಯಲಿನಲ್ಲಿ ಊರುಗಳಿದ್ದವು. ಮಣ್ಣನ್ನು ಪದರಪದರವಾಗಿ ಕುಟ್ಟಿ ಎಬ್ಬಿಸಿದ ಚೌಕ ಗೋಡೆ, ಗೋಡೆಯೊಳಗೆ ಬೀದಿ, ಕಣಜ, ಕುಲುಮೆ, ದೇಗುಲ. ಆ ಗೋಡೆಗಳು ಈಗ ಹುಲ್ಲು ಹೊದ್ದ ದಿಣ್ಣೆಗಳು. ಅವುಗಳನ್ನು ಉಳಿಸುವ ಬಗೆಯನ್ನು ಹುಡುಕಿಕೊಂಡು ಆಕೆ ದೇಶ ದೇಶ ಅಲೆಯುತ್ತಿದ್ದಳು.

ರಾಜೇಶ್ವರದ ಆಚೆಯ ಒಂದು ಹಳ್ಳಿಯಲ್ಲಿ ಹಳೆಯ ಹುಡೇ — ಊರ ಕಾವಲಿನ ಮಣ್ಣಿನ ಬುರುಜು — ದುರಸ್ತಿಯಾಗುತ್ತಿತ್ತು. ಅಲ್ಲಿ ಮಹಬೂಬಸಾಬರು ಗೋಡೆಯ ಒಂದು ಚೂರನ್ನು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಗುಳಿ, "ಇದು ಮೊದ್ಲಿನ ಗೋಡಿ ಅಲ್ರಿ, ಹಿಂದಾಗಡೆ ಹಚ್ಚಿದ್ದು. ಉಪ್ಪ ಹೊಡದದ" ಎಂದರು. ಅಲ್ಲೇ ಅಗೆದು ನೋಡಿದರೆ ಹಾಗೆಯೇ ಇತ್ತು. ಸರಂತುಯಾ ನನ್ನತ್ತ ತಿರುಗಿ, ಈ ಮನುಷ್ಯ ನನಗೆ ಬೇಕು ಎಂದಳು.

ಶಿವಪೂಜೆ ಮಾಡುವ ನನ್ನ ಕಣ್ಣಿಗೆ ಆ ಉಗುಳು ಹೇಸಿಗೆಯಾಗಿ ಕಂಡಿತು. ಅದನ್ನೂ ಇಲ್ಲಿ ಬರೆಯಬೇಕು, ಬರೆದಿದ್ದೇನೆ.

ಮರುವರ್ಷದ ಬೇಸಿಗೆಯಲ್ಲಿ ನಾವಿಬ್ಬರೂ ಹೊರಟೆವು. ಅಲ್ಲಿ ಸಿಕ್ಕಿದ್ದ ಒಂದು ಒಡೆದ ಕಲ್ಲನ್ನು ಓದಲು ನಾನು, ಗೋಡೆಯನ್ನು ನೋಡಲು ಅವರು. ಅವರಿಗೆ ಅದು ಮೊದಲ ವಿಮಾನ. ಕಿಟಕಿಯ ಪಕ್ಕದ ಮೈಯನ್ನು ಬೆರಳಿನಿಂದ ತಟ್ಟಿ, "ಸ್ವಾಮ್ಯಾರ, ಇದಕ್ಕ ಗಾರಿ-ಗಿಲಾವೇ ಇಲ್ಲಲ್ರಿ, ಮ್ಯಾಲ ಹ್ಯಾಂಗ ನಿಲ್ತದ ಇದು?" ಎಂದು ಸುತ್ತಲಿನವರು ತಿರುಗಿ ನೋಡುವಂತೆ ನಕ್ಕರು. ನನ್ನ ಕಡಕ ರೊಟ್ಟಿ ಮತ್ತು ಶೇಂಗಾಹಿಂಡಿಯ ಗಂಟನ್ನು ಅಷ್ಟೂ ದಾರಿ ಹೊತ್ತವರು ಅವರು. ಡೇರೆಯಲ್ಲಿ ನನ್ನ ಪೂಜೆಯ ಹೊತ್ತಿಗೆ ಯಾರೂ ಒಳಗೆ ಬರದಂತೆ ಹೊರಗೆ ನಿಂತು ಕಾಯ್ದವರೂ ಅವರೇ.

ಅಲ್ಲಿ ಮರವಿಲ್ಲ. ಆಕಾಶ ನೆಲದ ಅಂಚಿನವರೆಗೂ ಇಳಿದಿರುತ್ತದೆ. ಹುಲ್ಲಿನ ನಡುವೆ ಬಿಲ ತೋಡುವ ಒಂದು ಪ್ರಾಣಿಯಿದೆ. ಅದು ಹೊರಗೆ ಚೆಲ್ಲಿದ ಮಣ್ಣಿನಲ್ಲಿ ಹೆಂಚಿನ ಚೂರು, ಮಡಕೆಯ ಚೂರು ಮಿನುಗುತ್ತವೆ. ಊರು ತಾನಾಗಿ ಮೇಲೆ ಬರುತ್ತಿದೆ ಅನ್ನಿಸುತ್ತಿತ್ತು.

ಒಡೆದ ಕಲ್ಲಿನ ಮೇಲಿದ್ದದ್ದು ನೇಪಾಳದ ಕಡೆಯ ರಂಜನಾ ಲಿಪಿ. ಎರಡು ದಿನ ಪಡಿಯಚ್ಚು ತೆಗೆದು ಕುಳಿತೆ. ಸಂಸ್ಕೃತ! ಒಂದು ಬೌದ್ಧ ಮಂತ್ರದ ತುಣುಕು — ರಕ್ಷೆಯನ್ನು ಬೇಡುವ ಮಾತು. ನಮ್ಮ ದೇವಭಾಷೆ ಅಷ್ಟು ದೂರದ ಹುಲ್ಲಿನಲ್ಲಿ ಮಲಗಿತ್ತು. ನನಗೆ ಕಣ್ಣೀರು ಬಂತು, ಅದು ಸುಳ್ಳಲ್ಲ. ಆ ಸಂಜೆ ಎಲ್ಲರ ಮುಂದೆ ಓದಿ ಹೇಳಿದೆ: ಇದು ಧರ್ಮದ ಊರು, ಈ ಗೋಡೆ ಧರ್ಮವನ್ನು ಕಾಯಲು ಎದ್ದ ಕೋಟೆ. ಎಲ್ಲರೂ ಎದ್ದು ನಿಂತು ಗೌರವಿಸಿದರು. ಅಗೆತಕ್ಕೆ ಬಂದಿದ್ದ ವಿದ್ಯಾರ್ಥಿಗಳು ನನ್ನ ಜೊತೆ ಚಿತ್ರ ತೆಗೆಸಿಕೊಂಡರು. ಒಂದು ಕಲ್ಲಿನಿಂದ ಇಡೀ ಊರನ್ನು ಓದಿಬಿಟ್ಟೆ — ಗುರುಗಳಿದ್ದಿದ್ದರೆ ಅಲ್ಲಿಯೇ ಕಪಾಳಕ್ಕೆ ಹೊಡೆಯುತ್ತಿದ್ದರು.

ಮರುದಿನ ಬೆಳಗ್ಗೆ ಮಹಬೂಬಸಾಬರು ನನ್ನನ್ನು ಕರೆದರು. ಗೋಡೆಯ ಹೊರಮಗ್ಗುಲಿಗೆ ಒರಗಿದ್ದ ಮಣ್ಣಿನ ಇಳಿಜಾರಿನ ಮೇಲೆ ನಿಂತಿದ್ದರು. ಕಾಲಾಂತರದಲ್ಲಿ ಗೋಡೆ ಕರಗಿ ಬಿದ್ದ ರಾಶಿ ಎಂದು ಎಲ್ಲರೂ ಬಿಟ್ಟಿದ್ದ ಇಳಿಜಾರು ಅದು. ಅವರ ತುಟಿಯ ಮೇಲೆ ಮಣ್ಣಿತ್ತು. ಸರಂತುಯಾ ಪಕ್ಕದಲ್ಲಿದ್ದಳು. ಅವರು ಅವಳನ್ನು — ಅವರ ಬಾಯಲ್ಲಿ ಅವಳು ‘ಬಾಯಾರು’ — ನೋಡುತ್ತ, ನನಗೆ ಹೇಳಿದರು:

"ಸ್ವಾಮ್ಯಾರ, ಬಾಯಾರಿಗೆ ಹೇಳ್ರಿ. ಇದು ಬಿದ್ದ ಮಣ್ಣಲ್ಲ, ಕುಟ್ಟಿದ ಮಣ್ಣು. ಏರಾಕ ಮಾಡಿದ್ದು. ನಮ್ಮ ಕಿಲ್ಲೇದಾಗ ಬುರುಜಿನ ಮೆಟ್ಲ ಒಳಗ ಇರ್ತಾವ, ಯಾಕಂದ್ರ ಒಳಗಿನ ಮಂದಿ ಏರಿ ಹೊರಗಿನವ್ರನ್ನ ನೋಡಬೇಕು. ಇಲ್ಲಿ ಏರೋ ದಾರಿ ಹೊರಗ ಅದ. ಬಾಗಿಲ ಕಲ್ಲಿನಾಗ ಅಗಳಿ ತೂತ ಸೈತ ಹೊರಮೈಗೆ. ಒಳಗಿನ ಗೋಡಿ ಹ್ಯಾಂಗ ನುಣ್ಣಗ ತೀಡ್ಯಾರ ನೋಡ್ರಿ, ಕಾಲ ಇಡಾಕ ಒಂದ ಸಂದಿಲ್ಲ. ಒಳಗ ಎಲ್ಲಿ ಕೆದರಿದ್ರೂ ಬೂದಿ, ಕಬ್ಬಿಣದ ಕಿಟ್ಟ. ಇದು ಕಿಲ್ಲೇ ಅಲ್ರಿ. ಇದು ದೊಡ್ಡಿ. ದನದ್ದಲ್ಲ — ಕಾರಾಗೀರ ಮಂದೀದು, ಕೈಕಸಬಿನವ್ರದು. ಎಲ್ಲಿಂದೋ ಹಿಡದು ತಂದು ಒಳಗ ಹಾಕಿ ದುಡಿಸ್ಯಾರ. ನಮ್ಮಂಥವ್ರನ್ನ."

ಸರಂತುಯಾ ಕೇಳಿದಳು: ಏನು ಹೇಳುತ್ತಿದ್ದಾರೆ?

ನಾನು ಹೇಳಿದೆ: "ಗೋಡೆ ಬಹಳ ಗಟ್ಟಿಯಾಗಿದೆ, ನಮ್ಮೂರ ಕೋಟೆಯ ಹಾಗೆಯೇ ಇದೆ ಎನ್ನುತ್ತಿದ್ದಾರೆ."

ಅವಳು ಸಂತೋಷದಿಂದ ಮಹಬೂಬಸಾಬರ ಕೈ ಕುಲುಕಿದಳು. ಅವರೂ ನಕ್ಕರು.

ಅಷ್ಟೇ. ಯೋಚಿಸಲು ನಾನು ತೆಗೆದುಕೊಂಡದ್ದು ಒಂದು ಉಸಿರಿನಷ್ಟು ಹೊತ್ತು. ಆದರೆ ಆ ಒಂದು ಉಸಿರಿನಲ್ಲಿ ನನಗೆ ಎಲ್ಲವೂ ತಿಳಿದಿತ್ತು — ಅವರು ಹೇಳುತ್ತಿರುವುದು ನಿಜವಿರಬಹುದು ಎಂದು, ನಿಜವಾದರೆ ನನ್ನ ನಿನ್ನೆಯ ಸಂಜೆ ಸುಳ್ಳಾಗುತ್ತದೆ ಎಂದು. ಕಲ್ಯಾಣದ ಕೋಟೆಯ ಮೆಟ್ಟಿಲನ್ನು ಬಾಲ್ಯದಿಂದ ಹತ್ತಿ ಇಳಿದವನು ನಾನು. ಆ ಮೆಟ್ಟಿಲು ಯಾಕೆ ಒಳಗಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸಹಿ ಹಾಕಲು ಹೆಬ್ಬೆಟ್ಟು ಒತ್ತುವ ಒಬ್ಬ ಗೌಂಡಿ ಕೇಳಿಕೊಂಡಿದ್ದರು.

ಆ ರಾತ್ರಿ ಮಲಗುವ ಮೊದಲು ಟಿಪ್ಪಣಿ ಪುಸ್ತಕ ತೆರೆದೆ. ನಲವತ್ತು ವರ್ಷದ ರೂಢಿ ಕೈಯನ್ನು ಬಿಡಲಿಲ್ಲ. ಅವರ ಮಾತನ್ನು ಅವರ ಭಾಷೆಯಲ್ಲೇ, ಒಂದಕ್ಷರ ತಿದ್ದದೆ, ಕಪ್ಪು ಮಸಿಯಲ್ಲಿ ಬರೆದುಕೊಂಡೆ. ಪಕ್ಕದಲ್ಲಿ ಕೆಂಪು ಮಸಿಯಲ್ಲಿ ನನ್ನ ಅಭಿಪ್ರಾಯ: "ಅಸಂಗತ."

ಎರಡನೆಯ ವರ್ಷ ಸರಂತುಯಾ ಮಹಬೂಬಸಾಬರನ್ನು ಮತ್ತೆ ಕರೆಯಲೇ ಎಂದು ಕೇಳಿದಳು. ಗಿಲಾವು ಮಾಡುವುದರಲ್ಲಿ ಒಳ್ಳೆಯವರು, ಅದಕ್ಕಿಂತ ಹೆಚ್ಚಿನದು ಅವರಿಂದ ಆಗದು ಎಂದು ಬರೆದೆ. ಮೂರನೆಯ ವರ್ಷ ಬೇರೆ ಯಾವುದೋ ಕಾರಣಕ್ಕೆ ಗೋಡೆಯ ಹೊರಮಗ್ಗುಲನ್ನು ಅಗೆದರು. ಅವಳ ಪತ್ರ ಬಂತು. ಇಳಿಜಾರು ಕುಟ್ಟಿದ ಮಣ್ಣಿನದು. ಏರುವ ದಾರಿ ಹೊರಗಿದೆ. ಒಳಗೆ ಸಾಲುಸಾಲು ಕುಲುಮೆಗಳು. ಆಯುಧ ಒಂದೂ ಇಲ್ಲ. ಗೆದ್ದ ನಾಡುಗಳಿಂದ ತಂದ ಕುಶಲಕರ್ಮಿಗಳನ್ನು ಕೂಡಿಹಾಕಿದ ಊರು ಇದಾಗಿರಬಹುದು, ಇನ್ನೂ ಅಗೆಯಬೇಕು ಎಂದು ಎಚ್ಚರದಿಂದ ಬರೆದಿದ್ದಳು. ಕೊನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಗೌಂಡಿಗೆ ಆಗ ಇದು ಕಂಡಿರಲಿಲ್ಲವೇ?

ದೇವರು ನನ್ನ ಮುಂದೆ ಬಾಗಿಲನ್ನು ಎರಡನೆಯ ಸಲ ತೆರೆದು ಹಿಡಿದಿದ್ದ. ನಾನು ಬರೆದದ್ದು: "ಅವರಿಗಲ್ಲ. ನನಗೆ ಅಂಥದೊಂದು ಅನುಮಾನ ಬಂದಿತ್ತು."

ಆ ಸಾಲಿನಿಂದ ಐದನೆಯ ಅಧ್ಯಾಯ ಹುಟ್ಟಿತು.

ಮಹಬೂಬಸಾಬರಾದರೋ ಊರಿಗೆ ಬಂದವರು ತಾವು ಕಂಡದ್ದನ್ನು ಕೇಳಿದವರಿಗೆಲ್ಲ ಹೇಳಿದ್ದರು. ಯಾರು ನಂಬಬೇಕು? ನನ್ನ ಪುಸ್ತಕ ಬಂದ ಮೇಲೆ ಮೊದಲು ನಂಬದವರು ಈಗ ನಗತೊಡಗಿದರು — ಸ್ವಾಮಿಗಳು ಬರೆದದ್ದನ್ನು ಈತ ತನ್ನದೆಂದು ಹೇಳಿಕೊಂಡು ತಿರುಗುತ್ತಾನೆ ಎಂದು. ಒಂದು ಮಧ್ಯಾಹ್ನ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಚಿಟಗುಪ್ಪದ ಬಸ್ಸಿಗಾಗಿ ಕುಳಿತಿದ್ದೆ. ಮಹಬೂಬಸಾಬರು ಕೆಲಸದ ಚೀಲ ಹಿಡಿದು ಒಳಗೆ ಬಂದರು. ನಾಗಶೆಟ್ಟಿ ಎಂಬ ಆಟೋದವನು ಕೂಗಿದ:

"ಬರ್ರಿ, ಮಂಗೋಲಿಯಾ ಸಾಬ್ರು ಬಂದ್ರು! ಏನಪ, ನಿನ್ನ ಗೋಡಿ ಸ್ವಾಮ್ಯಾರು ಕದ್ದಾರಂತಲ್ಲೋ?"

"ಅಕ್ಷರ ಓದಾಕ ಬರಲ್ದವ ಗೋಡಿ ಓದ್ತಾನಂತ!" ಎಂದ ಇನ್ನೊಬ್ಬ.

"ಓದಲ್ರೀ, ತಿಂತಾನ! ತಿಂದು ಹೇಳ್ತಾನ!"

ಅಂಗಡಿಯೆಲ್ಲ ನಕ್ಕಿತು. ಮಹಬೂಬಸಾಬರು ಮೂಲೆಯಲ್ಲಿದ್ದ ನನ್ನನ್ನು ಆಗ ನೋಡಿದರು. ನಾನು ಬಟ್ಟಲನ್ನು ಕೆಳಗಿಟ್ಟು, ಬಸ್ಸು ಬಂದಿರದಿದ್ದರೂ ಬಂದಂತೆ ಎದ್ದು ಹೋದೆ.

ಅನುವಾದದ ಸುಳ್ಳು ಒಂದು ಉಸಿರಿನದು. ಪತ್ರದ ಸುಳ್ಳು ಒಂದು ಸಾಲಿನದು. ಈ ಎದ್ದು ಹೋದದ್ದು — ಇದಕ್ಕೆ ಅಳತೆ ಗೊತ್ತಾಗುತ್ತಿಲ್ಲ.

ಈ ವರ್ಷ ಪುಸ್ತಕದ ಎರಡನೆಯ ಮುದ್ರಣ, ಜೊತೆಗೆ ಬಸವಕಲ್ಯಾಣದಲ್ಲಿ ನನಗೊಂದು ಸನ್ಮಾನ ಎಂದು ಹಿರಿಯರು ನಿಶ್ಚಯಿಸಿದರು. ಕರಡು ತಿದ್ದಲು ಕುಳಿತಾಗ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಕಪ್ಪು ಮಸಿ, ಪಕ್ಕದಲ್ಲಿ ಕೆಂಪು ಮಸಿ. ಆ ದಿನ ಪೂಜೆ ಮುಗಿಸಿ ನೇರ ಬಸ್ಸು ಹತ್ತಿದೆ.

ಹುಮನಾಬಾದಿಗೆ ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಸುಣ್ಣ ನೆನೆಹಾಕುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ನನಗ ಅವತ್ತೇ ಗೊತ್ತಾಗಿತ್ರಿ" ಎಂದರು. "ನಾ ಅಷ್ಟುದ್ದ ಹೇಳಿದ್ನಿ, ನೀವು ಇಷ್ಟ ಹೇಳಿದ್ರಿ. ಆದ್ರೂ, ಇಂಗ್ಲೀಷ ಸಣ್ಣ ಇರ್ತದೇನೋ ಅಂದ್ಕೊಂಡು ಸಂಜಿತನಾ ದಾರಿ ನೋಡ್ದೆ. ಬಾಯಾರ ಗುದ್ದಲಿ ಹೊರಗಿನ ಕಡಿಗಿ ಬರ್ಲೇ ಇಲ್ಲ. ಅವಾಗ ತಿಳೀತು, ನನ್ನ ಮಾತು ದಾಟಿಲ್ಲಂತ."

ಅಂದೇ ಯಾಕೆ ಕೇಳಲಿಲ್ಲ ಎಂದೆ.

"ಯಾರಿಗಿ ಕೇಳ್ಲಿ ಸ್ವಾಮ್ಯಾರ? ನಿಮ್ಮ ಮ್ಯಾಲ ದೂರ ಹೇಳಬೇಕಂದ್ರೂ ನಿಮ್ಮ ಬಾಯಿಂದೇ ಹೇಳಸ್ಬೇಕಿತ್ತು."

ಕ್ಷಮಿಸಿ ಎಂದೆ. ಆಗ ಕೈ ನಿಲ್ಲಿಸಿದರು. "ಮಾಫಿ ಗೀಫಿ ಇಲ್ಲಿ ಬ್ಯಾಡ್ರಿ, ಮನ್ಯಾಗ. ಎಲ್ಲಿಂದ ಎದ್ದು ಹೋದ್ರಿ, ಅಲ್ಲಿ ಬಂದು ಹೇಳ್ರಿ."

ಹೋದೆವು. ಅದೇ ಅಂಗಡಿ, ಅದೇ ಮಂದಿ. ನಿಂತು, ಕೈಮುಗಿದು ಹೇಳಿದೆ: "ಎಲ್ಲಾರೂ ಕೇಳ್ರಿ. ಆ ಗೋಡಿ ಓದಿದವ್ರು ಇವರು. ಕದ್ದವ ನಾನು."

ಅಂಗಡಿಯವನು ಕುರ್ಚಿ ಒರೆಸಿ, "ಬಿಸಲಾಗ ಬಂದೀರಿ ಸ್ವಾಮ್ಯಾರ, ಕೂಡ್ರಿ, ನೀರ ಕುಡೀರಿ" ಎಂದ. ನಾಗಶೆಟ್ಟಿ ತಲೆಯಾಡಿಸಿದ: "ಎಂಥಾ ದೊಡ್ಡ ಮನಸ ನೋಡ್ರಿ ಇವರ್ದು! ಒಬ್ಬ ಗೌಂಡಿ ಮಾನ ಉಳಸಾಕ ತಮ್ಮನ್ನ ಕಳ್ಳ ಅನ್ಕೊಳ್ಳಾಕತ್ತಾರ. ಏ ಸಾಬ, ಏನ ಮಾಟ ಮಾಡೀದಿಯೋ ಇವ್ರಿಗಿ?" ಇಬ್ಬರು ಬಂದು ನನ್ನ ಪಾದ ಮುಟ್ಟಿದರು. ಪಾದ ಮುಟ್ಟಿದರು!

ಹೊರಗೆ ಬಂದಾಗ ಮಹಬೂಬಸಾಬರು ನಕ್ಕರು. ಆ ನಗು ಒಳ್ಳೆಯದಾಗಿರಲಿಲ್ಲ. "ನೋಡಿದ್ರ್ಯಾ? ನೀವು ಸುಳ್ಳ ಹೇಳಿದ್ರೂ ನಿಮಗೇ ಹೆಸರು, ಖರೇ ಹೇಳಿದ್ರೂ ನಿಮಗೇ ಹೆಸರು."

ಇದಕ್ಕಾಗಿಯೇ ಈ ಬರಹ. ಸನ್ಮಾನ ಸಮಿತಿಯ ಶರಣಪ್ಪ ಮಾಸ್ತರರು ನನ್ನ ಸಹಪಾಠಿ, ಮನೆಗೆ ಬಂದು ಅಂಗಲಾಚಿದರು: "ಸ್ವಾಮಿ, ಹೇಳಿದ್ದು ಆಯ್ತಲ್ಲ, ಮನಸ ಹಗುರಾತು. ಇನ್ನ ಅಚ್ಚಿಗೆ ಯಾಕ ಹಾಕ್ತೀರಿ? ಬೇಕಾರ ಮುನ್ನುಡ್ಯಾಗ ಆತನ ಹೆಸರೊಂದು ಹಾಕಿ ಉಪಕಾರ ನೆನೀರಿ, ಸಾಕು." ಸಾಕಾಗದು. ಕದ್ದದ್ದಕ್ಕೆ ಉಪಕಾರ ನೆನೆಯುವುದು ಎಂಬ ಮಾತನ್ನು ನಾನು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ. ಸನ್ಮಾನ ಬೇಡವೆಂದು ಬರೆದುಕೊಟ್ಟೆ. ಐದನೆಯ ಅಧ್ಯಾಯದ ನೆತ್ತಿಯ ಮೇಲೆ ಇನ್ನು ನನ್ನ ಹೆಸರಿರುವುದಿಲ್ಲ. ಹಾಗೆ ಅಚ್ಚು ಹಾಕಲು ಪ್ರಕಾಶಕರು ಒಪ್ಪದಿದ್ದರೆ ಪುಸ್ತಕವೇ ಬರುವುದಿಲ್ಲ. ಅನುಮಾನ ನನಗೆ ಬಂದಿತ್ತೆಂಬ ಆ ಸಾಲು ಸುಳ್ಳೆಂದು ಸರಂತುಯಾಳಿಗೆ ಬರೆದು, ಟಿಪ್ಪಣಿಯ ಪುಟವನ್ನೂ, ಮಹಬೂಬಸಾಬರ ಅಷ್ಟೂ ಮಾತುಗಳ ಇಂಗ್ಲಿಷನ್ನೂ ಕಳಿಸಿದ್ದೇನೆ — ಈ ಸಲ ಒಂದೂ ಮಾತು ಬಿಡದೆ. ಉತ್ತರ ಬಂದಿಲ್ಲ. ಬರದಿದ್ದರೂ ಅದು ಅವಳ ಹಕ್ಕು.

ಇದನ್ನು ಓದಿ ನನ್ನನ್ನು ಪ್ರಾಮಾಣಿಕನೆಂದು ಹೊಗಳುವವರಿಗೆ ಒಂದು ಮಾತು. ಹೊಗಳಬೇಡಿ. ನಿಮ್ಮ ಪ್ರತಿಯೊಂದು ಹೊಗಳಿಕೆಯೂ ಇನ್ನೊಮ್ಮೆ ಅವರ ಜೇಬಿಗೆ ಕೈ ಹಾಕಿದಂತೆ. ಧರ್ಮದ ಊರು ಎಂಬ ನನ್ನ ಅಂದಿನ ಭಾಷಣವನ್ನು ಈಗಲೂ ಮೆಚ್ಚುವವರಿದ್ದಾರೆ. ಅವರು ಮುನಿದರೆ ಮುನಿಯಲಿ. ರಕ್ಷಿಸು ಎಂಬ ಮಂತ್ರವನ್ನು ಆ ಊರಿನಲ್ಲಿ ಯಾರು ಕೆತ್ತಿದರೋ ನನಗೆ ಗೊತ್ತಿಲ್ಲ — ಗೋಡೆಯ ಮೇಲೆ ನಿಂತವನೋ, ಒಳಗೆ ಕುಲುಮೆ ಊದುತ್ತಿದ್ದವನೋ. ಗೊತ್ತಿಲ್ಲ ಎಂದು ಅಂದೇ ಹೇಳಬೇಕಿತ್ತು.

ಹೋದ ವಾರ ಟಿಪ್ಪಣಿ ಪುಸ್ತಕ ಹಿಡಿದು ಮತ್ತೆ ಅಂಗಡಿಗೆ ಹೋದೆ. ಈ ಸಲ ಭಾಷಣ ಮಾಡಲಿಲ್ಲ. ಪುಟ ತೆರೆದು ನಾಗಶೆಟ್ಟಿಯ ಕೈಗಿಟ್ಟೆ. "ಏನ್ರಿ ಇದು?" ಎಂದು ನಗುತ್ತಲೇ ಗಟ್ಟಿಯಾಗಿ ಓದತೊಡಗಿದ. ಮಾತು ಅವನ ಭಾಷೆಯದೇ ಆದ್ದರಿಂದ ಸರಾಗವಾಗಿ ಹರಿಯಿತು. ಕಿಲ್ಲೇದ ಮೆಟ್ಟಿಲು ಒಳಗೆ ಎಂಬಲ್ಲಿ "ಹೌದಲ್ಲೋ!" ಎಂದ ಒಬ್ಬ. ಅಗಳಿಯ ತೂತು ಎಂಬಲ್ಲಿ ಅಂಗಡಿಯವನು ಒಲೆಯ ಉರಿ ತಗ್ಗಿಸಿ ಹತ್ತಿರ ಬಂದ. "ಕಾರಾಗೀರ ಮಂದೀದು" ಎಂದು ಓದುವಾಗ ನಾಗಶೆಟ್ಟಿಯ ದನಿ ನಿಧಾನವಾಯಿತು. "ನಮ್ಮಂಥವ್ರನ್ನ" — ಅಲ್ಲಿ ನಿಂತ. ಆಮೇಲೆ ಪಕ್ಕದ ಕೆಂಪು ಮಸಿಯ ಮೇಲೆ ಅವನ ಬೆರಳು ಹೋಯಿತು.

"ಅಸಂಗತ" ಎಂದು ಓದಿದ. "ಹಾಂಗಂದ್ರ ಏನ್ರಿ?"

"ಕೆಲಸಕ್ಕ ಬಾರದ್ದು ಅಂತ" ಎಂದೆ.

"ಯಾರ ಬರದದ್ದು ಇದು?"

"ನಾನು."

ಈ ಸಲ ಯಾರೂ ನನ್ನ ಪಾದ ಮುಟ್ಟಲಿಲ್ಲ. ಯಾರೂ ಕುರ್ಚಿ ಒರೆಸಲಿಲ್ಲ. ನಾಗಶೆಟ್ಟಿ ಪುಸ್ತಕವನ್ನು ನನಗೆ ಕೊಡದೆ, ಎದ್ದು ಹೋಗಿ, ಅಷ್ಟರಲ್ಲಿ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮಹಬೂಬಸಾಬರ ಕೈಗೆ ಕೊಟ್ಟು, "ಕೂಡ್ರಿ ಚಾಚಾ" ಎಂದ. ಅವರು ಕುಳಿತರು. ನಾನು ನಿಂತೇ ಇದ್ದೆ. ನನ್ನ ಬಸ್ಸು ಬಂದು ಹೋಯಿತು.

ಶುಭವಾಗಲಿ — ಮಣ್ಣನ್ನು ನಾಲಗೆಯ ಮೇಲಿಟ್ಟು ಓದುವವರಿಗೆ. ನಂಬಿ ಕೈ ಕುಲುಕಿದ ಸರಂತುಯಾಳಿಗೆ, ಅವಳೊಂದಿಗೆ ಗುದ್ದಲಿ ಹಿಡಿದವರಿಗೆ. ನಕ್ಕ ನಾಗಶೆಟ್ಟಿಗೆ, ಓದುತ್ತ ನಿಂತ ನಾಗಶೆಟ್ಟಿಗೆ. ಬೇಡವೆಂದು ತಡೆದ ಶರಣಪ್ಪ ಮಾಸ್ತರರಿಗೂ. ಆ ನುಣುಪು ಗೋಡೆಯ ಒಳಗೆ ಕಬ್ಬಿಣ ಕಾಯಿಸುತ್ತ ಸತ್ತವರಿಗೆ, ಅವರ ಹೆಸರು ಒಂದೂ ಉಳಿಯದಿದ್ದರೂ, ಶುಭವಾಗಲಿ.